ಬಿಡಿಭಾಗಗಳು ಪಿಸ್ತೂಲಾಗುವುದು ಯಾವಾಗ?

ಸೈಕಲ್ ಅಂಗಡಿಗಳನ್ನು ನೀವೆಲ್ಲರೂ ನೋಡಿರುತ್ತೀರಿ. ಒಂದು ಕಡೆ ಚೌಕಟ್ಟುಗಳು ತೂಗುತ್ತಿರುತ್ತವೆ. ಇನ್ನೊಂದು ಕಡೆ ಪೆಡಲು, ಸರಪಳಿ, ರಿಮ್ಮು, ಕಡ್ಡಿಗಳ ರಾಶಿ ಬಿದ್ದಿರುತ್ತದೆ. ಗಿರಾಕಿ ಬಂದು ಸೈಕಲ್ ಬೇಕೆಂದರೆ ಅಂಗಡಿಯ ಹುಡುಗ ಇವನ್ನೆಲ್ಲ ಜೋಡಿಸಿ ಕೊಡುತ್ತಾನೆ. ಎರಡು ವರ್ಷದ ಮೇಲೆ ಪೆಡಲು ಮುರಿದರೆ ಬೇರೆ ಊರಿನ ಬೇರೆ ಅಂಗಡಿಯಲ್ಲಿ ಕೊಂಡ ಪೆಡಲೂ ಅದಕ್ಕೆ ಸರಿಯಾಗಿ ಕೂರುತ್ತದೆ. ಇದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಇದರ ಹಿಂದೆಯೂ ಒಂದು ಇತಿಹಾಸವಿದ್ದೀತು ಎಂದು ಯಾರೂ ಯೋಚಿಸುವುದಿಲ್ಲ.

ನಮ್ಮ ದೇಶದಲ್ಲಿ ಹಲವು ತಲೆಮಾರಿನವರು ತುಳಿದ ಸೈಕಲ್ಲುಗಳಲ್ಲಿ ಬಿ.ಎಸ್.ಎ. ಒಂದು. ಆ ಮೂರು ಅಕ್ಷರಗಳ ಅರ್ಥವೇನೆಂದು ಕೇಳಿದರೆ ಬಹಳ ಮಂದಿಗೆ ಆಶ್ಚರ್ಯವಾಗುತ್ತದೆ. ಅದು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬರ್ಮಿಂಗ್‌ಹ್ಯಾಮಿನ ಬಂದೂಕು ಕಂಪನಿ. 1861ರಲ್ಲಿ ಆ ಊರಿನ ಬಂದೂಕು ಕಸುಬಿನವರು ಸೇರಿ, ಯಂತ್ರಗಳಿಂದ ಬಂದೂಕು ಮಾಡುವುದಕ್ಕಾಗಿ ಅದನ್ನು ಸ್ಥಾಪಿಸಿದರು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳು ಅದರ ಹಳೆಯ ಲಾಂಛನ. ಸೈಕಲ್ಲು ಅವರಿಗೆ ಆಮೇಲೆ ಒದಗಿದ ವ್ಯಾಪಾರ. ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಮಾಡಿ, ಯಾವುದನ್ನು ಯಾವುದಕ್ಕಾದರೂ ಜೋಡಿಸುವ ವಿದ್ಯೆ ಮೊದಲು ಬೆಳೆದದ್ದು ಬಂದೂಕು, ಪಿಸ್ತೂಲುಗಳ ಕಾರ್ಖಾನೆಯಲ್ಲಿ. ಅಲ್ಲಿಂದ ಅದು ಹೊಲಿಗೆಯಂತ್ರಕ್ಕೆ, ಸೈಕಲ್ಲಿಗೆ, ಮೋಟಾರಿಗೆ ಹರಡಿತು.

ಅದೇ ವಿದ್ಯೆಯ ಒಂದು ಕೊನೆಯ ಕವಲಾಗಿ ಅಮೆರಿಕದಲ್ಲಿ ಒಂದು ಹವ್ಯಾಸ ಬೆಳೆದಿದೆ. ಪಿಸ್ತೂಲಿನ ಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿಕೊಂಡು, ಮನೆಯ ಮೇಜಿನ ಮೇಲೆ ಹರಡಿ, ತಮಗೆ ಬೇಕಾದ ಹಿಡಿ, ಬೇಕಾದ ನಳಿಗೆ, ಬೇಕಾದ ಗುರಿಮೊನೆ ಹಾಕಿ ತಮ್ಮದೇ ಒಂದು ಪಿಸ್ತೂಲನ್ನು ಜೋಡಿಸುವ ಹವ್ಯಾಸ. ಕೇಳುವುದಕ್ಕೆ ಇದು ಗಡಿಯಾರ ಬಿಚ್ಚಿ ಕೂಡಿಸುವವರ ಹುಚ್ಚಿನಂತೆ ಕಾಣುತ್ತದೆ. ಆದರೆ ಈ ಹವ್ಯಾಸವು ಒಂದು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ವಿಚಿತ್ರ ಪ್ರಶ್ನೆಯನ್ನು ತಂದು ನಿಲ್ಲಿಸಿತು. ಪೆಟ್ಟಿಗೆಯಲ್ಲಿರುವ ಬಿಡಿಭಾಗಗಳು ಪಿಸ್ತೂಲಾಗುವುದು ಯಾವ ಗಳಿಗೆಯಲ್ಲಿ? ಈ ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ತಿಳಿಯಲು ನಾವು ಇನ್ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಅರ ಹಿಡಿದ ಕೈ

ಹದಿನೆಂಟನೆಯ ಶತಮಾನದ ಪಿಸ್ತೂಲು ಯಾವ ದೇಶದ್ದೇ ಆಗಲಿ, ಅದು ಅರದ ಕೆಲಸ. ಕಮ್ಮಾರ ಕಬ್ಬಿಣವನ್ನು ಕಾಯಿಸಿ ಬಡಿದು ಸುಮಾರಾದ ಆಕಾರ ಕೊಡುತ್ತಿದ್ದ. ಆಮೇಲೆ ಕುಶಲಿಯೊಬ್ಬ ಕುಳಿತು, ಒಂದು ಭಾಗ ಇನ್ನೊಂದಕ್ಕೆ ಹೊಂದುವವರೆಗೆ ಅರದಿಂದ ಉಜ್ಜುತ್ತಿದ್ದ. ಕುದುರೆ, ಒಳಗಿನ ಸ್ಪ್ರಿಂಗು, ಚಕಮಕಿ ಕಲ್ಲನ್ನು ಹಿಡಿಯುವ ದವಡೆ, ಮದ್ದಿನ ಬಟ್ಟಲು ಎಲ್ಲವೂ ಹೀಗೆಯೇ ತಯಾರಾಗುತ್ತಿದ್ದವು. ಆದ್ದರಿಂದ ಒಂದೇ ಕುಶಲಿ ಒಂದೇ ವಾರದಲ್ಲಿ ಮಾಡಿದ ಎರಡು ಪಿಸ್ತೂಲುಗಳ ಭಾಗಗಳನ್ನು ಅದಲುಬದಲು ಮಾಡಿದರೆ ಎರಡೂ ಕೆಲಸ ಮಾಡುತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಆದ ಪಿಸ್ತೂಲುಗಳು ಈ ಕಾಲದ ಶ್ರೇಷ್ಠ ಮಾದರಿಗಳು. ಅವು ಹೆಚ್ಚಾಗಿ ಜೋಡಿ ಪಿಸ್ತೂಲುಗಳು. ಒಂದರ ಯಂತ್ರ ಬಲಬದಿಗೆ, ಇನ್ನೊಂದರದು ಎಡಬದಿಗೆ ಇರುತ್ತಿತ್ತು. ಹುಲಿಯ ಪಟ್ಟೆಯ ಅಲಂಕಾರ, ತಯಾರಾದ ಸ್ಥಳ, ಟಿಪ್ಪು ರೂಢಿಗೆ ತಂದ ಮೌಲೂದಿ ಶಕೆಯ ವರ್ಷ, ಕೆಲವದರ ಮೇಲೆ ಮಾಡಿದವನ ಹೆಸರು, ಇವನ್ನೆಲ್ಲ ಲೋಹದ ಮೇಲೆ ಕೆತ್ತಲಾಗಿದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಇಂಗ್ಲೆಂಡಿಗೆ ಹೋದವು. ಈಗ ಅವುಗಳನ್ನು ಅಧ್ಯಯನ ಮಾಡುವವರಿಗೆ ಎಲ್ಲಿ ಆಯಿತು, ಯಾವಾಗ ಆಯಿತು ಎಂಬುದನ್ನು ಆ ಕೆತ್ತನೆಯೇ ಹೇಳುತ್ತದೆ.

ಇದನ್ನು ಸ್ವಲ್ಪ ನೆನಪಿನಲ್ಲಿಡಿ. ಆ ಕಾಲದ ಪಿಸ್ತೂಲಿಗೆ ಹುಟ್ಟಿದ ಊರು ಇತ್ತು, ಹುಟ್ಟಿದ ವರ್ಷ ಇತ್ತು, ಮಾಡಿದ ಕೈಯ ಗುರುತು ಇತ್ತು. ಅದು ಕೆಟ್ಟರೆ ಮತ್ತೆ ಕುಶಲಿಯ ಬಳಿಗೇ ಹೋಗಬೇಕಿತ್ತು. ಒಬ್ಬ ರೈತನಿಗೋ ವರ್ತಕನಿಗೋ ತನ್ನ ಮನೆಯಲ್ಲಿ ಕುಳಿತು ಪಿಸ್ತೂಲು ಜೋಡಿಸುವೆನೆಂಬ ಯೋಚನೆಯೇ ಬರುವಂತಿರಲಿಲ್ಲ. ಜೋಡಿಸುವುದೆಂದರೆ ಅರ ಹಿಡಿದು ವರ್ಷಗಟ್ಟಲೆ ಪಳಗುವುದು ಎಂದೇ ಅರ್ಥವಾಗಿತ್ತು.

ಐವತ್ತು ಬಂದೂಕಿನ ಚೂರುಗಳು

1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯ ದರ್ಬಾರಿಗೆ ಹೋದರು. ಸೈನ್ಯದ ನೆರವಿನ ಜೊತೆಗೆ ಅವರು ಫ್ರಾನ್ಸಿನ ಕುಶಲಕರ್ಮಿಗಳನ್ನೂ ಕೇಳಿದ್ದರು. ಅವರು ಪ್ಯಾರಿಸ್ಸು ತಲುಪುವುದಕ್ಕೆ ಮೂರು ವರ್ಷ ಮುಂಚೆ, 1785ರಲ್ಲಿ, ಅದೇ ದೇಶದಲ್ಲಿ ಇನ್ನೊಬ್ಬ ರಾಯಭಾರಿ ಒಂದು ಹೊಸ ಸಂಗತಿಯನ್ನು ಕಂಡಿದ್ದ. ಆತ ಅಮೆರಿಕದ ಥಾಮಸ್ ಜೆಫರ್‌ಸನ್. ಮುಂದೆ ಅಮೆರಿಕದ ಅಧ್ಯಕ್ಷನಾದವನು.

ಹೊನೋರೆ ಬ್ಲಾಂ ಎಂಬ ಬಂದೂಕು ಕುಶಲಿ ಐವತ್ತು ಬಂದೂಕುಗಳ ಚಕಮಕಿ ಯಂತ್ರಗಳನ್ನು ಪೂರ್ತಿ ಬಿಚ್ಚಿ, ಒಂದೊಂದು ಬಗೆಯ ಭಾಗವನ್ನು ಒಂದೊಂದು ಗೂಡಿನಲ್ಲಿ ಇಟ್ಟಿದ್ದ. ಜೆಫರ್‌ಸನ್ ತಾನೇ ಕೈಗೆ ಸಿಕ್ಕ ಭಾಗಗಳನ್ನು ತೆಗೆದುಕೊಂಡು ಕೆಲವು ಯಂತ್ರಗಳನ್ನು ಕೂಡಿಸಿದ. ಎಲ್ಲವೂ ಚೆನ್ನಾಗಿ ಹೊಂದಿಕೊಂಡವು. ಅರವನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ. ಯುದ್ಧಭೂಮಿಯಲ್ಲಿ ಬಂದೂಕು ಕೆಟ್ಟಾಗ ದುರಸ್ತಿಗೆ ಇದು ಎಷ್ಟು ಅನುಕೂಲವೆಂದು ಆತ ಊರಿಗೆ ಬರೆದು ತಿಳಿಸಿದ.

ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಜೆಫರ್‌ಸನ್ ವಕೀಲ, ಜಮೀನುದಾರ, ರಾಜಕಾರಣಿ. ಆತ ಬಂದೂಕು ಕುಶಲಿಯಾಗಿರಲಿಲ್ಲ. ಕಸುಬು ಕಲಿಯದ ಒಬ್ಬ ಮನುಷ್ಯ, ಬೇರೆಯವರು ಮಾಡಿದ ಭಾಗಗಳಿಂದ ಆಯುಧದ ಯಂತ್ರವೊಂದನ್ನು ತನ್ನ ಕೈಯಾರೆ ಕೂಡಿಸಿದ ದಾಖಲೆ ಇದು. ಇಂದಿನ ಕಿಟ್ ಹವ್ಯಾಸಿಯ ಮೂಲಪುರುಷನನ್ನು ಹುಡುಕುವುದಾದರೆ ಆ ಸ್ಥಾನಕ್ಕೆ ಜೆಫರ್‌ಸನ್ನನನ್ನೇ ಹೆಸರಿಸಬಹುದು.

ಬ್ಲಾಂನ ಪದ್ಧತಿ ಫ್ರಾನ್ಸಿನಲ್ಲಿ ಬೇರೂರಲಿಲ್ಲ. ಅದು ನೆಲೆ ಕಂಡದ್ದು ಅಮೆರಿಕದಲ್ಲಿ. ಎಲೈ ವಿಟ್ನಿ 1798ರಲ್ಲಿ ಹತ್ತು ಸಾವಿರ ಬಂದೂಕುಗಳ ಗುತ್ತಿಗೆ ಪಡೆದು, 1801ರಲ್ಲಿ ವಾಷಿಂಗ್‌ಟನ್ನಿನ ದೊಡ್ಡವರ ಮುಂದೆ ಬಿಡಿಭಾಗ ಜೋಡಿಸಿ ತೋರಿಸಿದ ಕಥೆ ಶಾಲೆಯ ಪುಸ್ತಕಗಳಲ್ಲಿ ಬಹುಕಾಲ ಇತ್ತು. ಉಳಿದುಬಂದ ವಿಟ್ನಿಯ ಬಂದೂಕುಗಳನ್ನು ಇತಿಹಾಸಕಾರರು ಪರೀಕ್ಷಿಸಿದಾಗ ಅವುಗಳ ಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದಲಿಲ್ಲ. ಒಪ್ಪಿದ ಗಡುವು ಮೀರಿ, 1809ರಲ್ಲಿ ಆ ಗುತ್ತಿಗೆ ಮುಗಿಯಿತು. ಹೊಗಳಿಕೆ ವಿಟ್ನಿಗೆ ಸಿಕ್ಕಿತು. ಕೆಲಸ ಮಾಡಿ ತೋರಿಸಿದವರು ಬೇರೆಯವರು.

ಅವರಲ್ಲಿ ಒಬ್ಬ ಸಿಮಿಯನ್ ನಾರ್ತ್. ಕನೆಟಿಕಟ್ ರಾಜ್ಯದವನು. ನಮ್ಮ ವಿಷಯಕ್ಕೆ ಈತ ಮುಖ್ಯ, ಏಕೆಂದರೆ ಈತ ಮಾಡುತ್ತಿದ್ದುದು ಪಿಸ್ತೂಲು. 1813ರಲ್ಲಿ ಸರ್ಕಾರ ಅವನೊಡನೆ 20,000 ಪಿಸ್ತೂಲುಗಳಿಗೆ, ಒಂದಕ್ಕೆ 7 ಡಾಲರಿನಂತೆ, ಕರಾರು ಮಾಡಿಕೊಂಡಿತು. ಅದರಲ್ಲಿ ಒಂದು ಷರತ್ತು ಇತ್ತು. ಯಾವುದೇ ಪಿಸ್ತೂಲಿನ ಯಾವುದೇ ಭಾಗ ಆ ಇಪ್ಪತ್ತು ಸಾವಿರದಲ್ಲಿ ಬೇರೆ ಯಾವುದಕ್ಕಾದರೂ ಕೂರಬೇಕು. ಇಂಥ ಮಾತು ಸರ್ಕಾರಿ ಕರಾರಿನಲ್ಲಿ ಬಂದದ್ದು ಆ ದೇಶದಲ್ಲಿ ಮೊದಲ ಬಾರಿ ಎಂದು ಹೇಳುತ್ತಾರೆ.

ಷರತ್ತು ಬರೆದಷ್ಟು ಸುಲಭವಾಗಿ ಅದು ಕೈಗೂಡಲಿಲ್ಲ. ಅದಕ್ಕೆ ಉಕ್ಕಿನ ಗೇಜುಗಳು ಬೇಕಾದವು. ಪ್ರತಿಯೊಂದು ಭಾಗವನ್ನೂ ಗೇಜಿನಲ್ಲಿ ಹಾಕಿ ನೋಡಬೇಕು, ಹೊಂದಿದರೆ ಸರಿ, ಇಲ್ಲದಿದ್ದರೆ ಪಕ್ಕಕ್ಕೆ ಎಸೆಯಬೇಕು. ಹಾರ್ಪರ್ಸ್ ಫೆರಿ ಎಂಬ ಊರಿನ ಸರ್ಕಾರಿ ಆಯುಧಾಗಾರದಲ್ಲಿ ಜಾನ್ ಹಾಲ್ ಎಂಬಾತ ಇಂಥ ಗೇಜುಗಳನ್ನೂ ಕತ್ತರಿಸುವ ಯಂತ್ರಗಳನ್ನೂ ಹೂಡಿ, 1820ರ ದಶಕದಲ್ಲಿ ಭಾಗಗಳು ನಿಜವಾಗಿ ಅದಲುಬದಲಾಗುವ ಬಂದೂಕನ್ನು ತಂದ. ಮುಂದೆ ನಾರ್ತ್ ತನ್ನ ಕಾರ್ಖಾನೆಯಲ್ಲಿ ಮಾಡಿದ ಹಾಲ್ ಬಂದೂಕಿನ ಭಾಗಗಳು ಹಾರ್ಪರ್ಸ್ ಫೆರಿಯ ಬಂದೂಕಿಗೂ ಕೂತವು. ನೂರಾರು ಮೈಲಿ ದೂರದ ಎರಡು ಊರುಗಳಲ್ಲಿ, ಒಬ್ಬರ ಮುಖ ಒಬ್ಬರು ನೋಡದ ಕೆಲಸಗಾರರು ಮಾಡಿದ ಭಾಗಗಳು ಒಂದಾದದ್ದು ಹೀಗೆ. ಅರ ಹಿಡಿದ ಕುಶಲಿಯ ಜಾಗಕ್ಕೆ ಗೇಜು ಬಂದು ಕುಳಿತಿತು.

ಸಂಖ್ಯೆಗಳ ಕಥೆ

ಸ್ಯಾಮ್ಯುಯೆಲ್ ಕೋಲ್ಟ್‌ನ ಹೆಸರನ್ನು ನೀವು ಕೇಳಿರಬಹುದು. ತಿರುಗುವ ಉರುಳೆಯ ಪಿಸ್ತೂಲಿಗೆ, ಅಂದರೆ ರಿವಾಲ್ವರಿಗೆ, 1836ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದವನು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಆತ ತನ್ನ ರಿವಾಲ್ವರುಗಳನ್ನು ಸಾಲಾಗಿ ಜೋಡಿಸಿಟ್ಟ. ಎರಡು ವರ್ಷದಲ್ಲಿ ಥೇಮ್ಸ್ ನದಿಯ ದಡದಲ್ಲಿ ಕಾರ್ಖಾನೆಯನ್ನೂ ತೆರೆದ. ಯಂತ್ರಗಳಿಂದ ಪಿಸ್ತೂಲು ಆಗುವುದನ್ನು ಕಂಡ ಇಂಗ್ಲಿಷರು ಬೆರಗಾದರು. 1854ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಈ ವಿಷಯದ ವಿಚಾರಣೆ ನಡೆಸಿತು. ಆಮೇಲೆ ಎನ್‌ಫೀಲ್ಡ್ ಎಂಬಲ್ಲಿದ್ದ ಸರ್ಕಾರಿ ಕಾರ್ಖಾನೆಗೆ ಅಮೆರಿಕದ ಯಂತ್ರಗಳು ಬಂದವು. 1857ರ ದಂಗೆಯ ಪಾಠದಲ್ಲಿ ತೋಟೆಗಳ ಜೊತೆ ನಾವು ಓದುವ ಎನ್‌ಫೀಲ್ಡ್ ಎಂಬ ಹೆಸರು ಇದೇ. ನಮ್ಮ ರಸ್ತೆಗಳಲ್ಲಿ ಓಡುವ ಎನ್‌ಫೀಲ್ಡ್ ಬುಲೆಟ್ ಮೋಟಾರು ಸೈಕಲ್ಲಿನ ಹೆಸರೂ ಅಲ್ಲಿಂದಲೇ ಬಂದದ್ದು.

ಕೋಲ್ಟ್‌ನ ಹಳೆಯ ರಿವಾಲ್ವರನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಅದರ ಚೌಕಟ್ಟು, ನಳಿಗೆ, ಉರುಳೆ, ಹಿಡಿಯ ಪಟ್ಟಿ ಎಲ್ಲದರ ಮೇಲೂ ಸಂಖ್ಯೆ ಒತ್ತಿರುತ್ತಾರೆ. ಯಂತ್ರದಿಂದ ಬಂದ ಭಾಗಗಳನ್ನೂ ಕೊನೆಯಲ್ಲಿ ಕೈಯಿಂದ ಉಜ್ಜಿ ಹೊಂದಿಸಬೇಕಾಗಿತ್ತು. ಹೊಂದಿಸಿದ ಮೇಲೆ ಅವನ್ನು ಬಿಚ್ಚಿ ಹದಕ್ಕೆ, ಬಣ್ಣಕ್ಕೆ ಕಳುಹಿಸುವಾಗ ಒಂದರ ಭಾಗ ಇನ್ನೊಂದರಲ್ಲಿ ಬೆರೆಯಬಾರದು. ಅದಕ್ಕಾಗಿ ಈ ಸಂಖ್ಯೆ. ಇದು ನನ್ನ ಜೊತೆಗಾರ, ಇದನ್ನು ಬೇರೆಯದಕ್ಕೆ ಹಾಕಬೇಡಿ ಎಂದು ಭಾಗಗಳು ಒಂದನ್ನೊಂದು ಗುರುತಿಸಲು ಇಟ್ಟ ಗುರುತು ಎನ್ನಬಹುದು. ಜರ್ಮನಿಯ ಸೈನ್ಯ 1908ರಲ್ಲಿ ಒಪ್ಪಿಕೊಂಡ ಲೂಗರ್ ಪಿಸ್ತೂಲಿನಲ್ಲಿಯೂ ಸಣ್ಣ ಸಣ್ಣ ಭಾಗಗಳ ಮೇಲೆ ಸಂಖ್ಯೆಯ ಕೊನೆಯ ಎರಡು ಅಂಕಿ ಇರುತ್ತಿತ್ತು. ಇಂದಿಗೂ ಹಳೆಯ ಲೂಗರ್ ಸಂಗ್ರಹಿಸುವವರು ಎಲ್ಲ ಅಂಕಿಗಳೂ ಹೊಂದುತ್ತವೆಯೇ ಎಂದು ನೋಡಿಯೇ ಬೆಲೆ ಕಟ್ಟುತ್ತಾರೆ.

ಮೂರು ವರ್ಷದ ತರುವಾಯ, 1911ರ ಮಾರ್ಚ್ 29ರಂದು, ಅಮೆರಿಕದ ಸೈನ್ಯ ಜಾನ್ ಬ್ರೌನಿಂಗ್ ರಚಿಸಿದ ಒಂದು ಪಿಸ್ತೂಲನ್ನು ಅಂಗೀಕರಿಸಿತು. ಅದಕ್ಕೆ ಆ ವರ್ಷದ ಹೆಸರೇ ನಿಂತಿತು. 1911 ಎಂದರೆ ಇಂದಿಗೂ ಶೂಟಿಂಗ್ ಹವ್ಯಾಸಿಗಳಿಗೆ ಅದೇ ಪಿಸ್ತೂಲು. ಅದರಲ್ಲಿ ಕ್ರಮಸಂಖ್ಯೆ ಇರುವುದು ಚೌಕಟ್ಟಿನ ಮೇಲೆ ಮಾತ್ರ. ಉಳಿದ ಭಾಗಗಳಿಗೆ ಸಂಖ್ಯೆ ಬೇಕಾಗಲಿಲ್ಲ, ಏಕೆಂದರೆ ಯಾವ ಭಾಗ ಯಾವುದಕ್ಕಾದರೂ ಹೊಂದುತ್ತಿತ್ತು.

ಎಷ್ಟರ ಮಟ್ಟಿಗೆ ಹೊಂದುತ್ತಿತ್ತು ಎಂಬುದು ಎರಡನೆಯ ಮಹಾಯುದ್ಧದಲ್ಲಿ ಗೊತ್ತಾಯಿತು. ಆಗ ಈ ಪಿಸ್ತೂಲನ್ನು ಕೋಲ್ಟ್ ಕಂಪನಿಯ ಜೊತೆಗೆ ರೆಮಿಂಗ್‌ಟನ್ ರ್‍ಯಾಂಡ್ ಎಂಬ ಬೆರಳಚ್ಚು ಯಂತ್ರದ ಕಂಪನಿ ಎಂಟು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿತು. ರೈಲ್ವೆ ಸಿಗ್ನಲ್ಲುಗಳನ್ನು ಮಾಡುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಯೂ ಮಾಡಿತು. ನಮ್ಮ ಮನೆಗಳಲ್ಲಿ ಹೊಲಿಗೆಯಂತ್ರದಿಂದ ಪರಿಚಿತವಾದ ಸಿಂಗರ್ ಕಂಪನಿ 500 ಪಿಸ್ತೂಲುಗಳನ್ನು ಮಾಡಿಕೊಟ್ಟಿತು. ಬೆರಳಚ್ಚು ಯಂತ್ರದವರು ಮಾಡಿದ ನಳಿಗೆ ಸಿಗ್ನಲ್ಲಿನವರು ಮಾಡಿದ ಚೌಕಟ್ಟಿಗೆ ಹೊಂದಬೇಕೆಂಬುದೇ ಸೈನ್ಯದ ನಿಯಮವಾಗಿತ್ತು.

ಹೀಗೆ ಸಂಖ್ಯೆಯ ಅರ್ಥವೇ ಬದಲಾಯಿತು. ಮೊದಲು ಅದು ಭಾಗಗಳು ಒಂದನ್ನೊಂದು ಗುರುತಿಸಲು ಇತ್ತು. ಈಗ ಅದು ಆಯುಧವನ್ನು ಮನುಷ್ಯನೊಡನೆ ಸೇರಿಸುವ ಗುರುತಾಯಿತು. ಈ ಪಿಸ್ತೂಲು ಯಾವ ಕಾರ್ಖಾನೆಯಿಂದ ಹೊರಟಿತು, ಯಾವ ಅಂಗಡಿಗೆ ಹೋಯಿತು, ಯಾರು ಕೊಂಡರು ಎಂದು ಪುಸ್ತಕ ತೆರೆದು ನೋಡಲು ಉಳಿದ ಒಂದೇ ಎಳೆ ಚೌಕಟ್ಟಿನ ಮೇಲಿನ ಆ ಅಂಕಿಗಳು.

ಹವ್ಯಾಸಿ ಬಂದ

ಯುದ್ಧ ಮುಗಿದ ಮೇಲೆ ಹೆಚ್ಚುವರಿಯಾದ 1911 ಪಿಸ್ತೂಲುಗಳೂ ಅವುಗಳ ಬಿಡಿಭಾಗಗಳೂ ಅಮೆರಿಕದ ಮಾರುಕಟ್ಟೆಗೆ ಅಗ್ಗವಾಗಿ ಬಂದವು. ಒಹಾಯೋ ರಾಜ್ಯದ ಕ್ಯಾಂಪ್ ಪೆರಿಯಲ್ಲಿ ವರ್ಷವರ್ಷವೂ ಗುರಿಯ ಸ್ಪರ್ಧೆಗಳು ನಡೆಯುತ್ತಿದ್ದವು. ಕೆಸರಿನಲ್ಲಿಯೂ ಮರಳಿನಲ್ಲಿಯೂ ಕೆಲಸ ಮಾಡಲೆಂದು ಸೈನ್ಯದ ಪಿಸ್ತೂಲಿನ ಭಾಗಗಳನ್ನು ಸ್ವಲ್ಪ ಸಡಿಲವಾಗಿಯೇ ಮಾಡಿರುತ್ತಿದ್ದರು. ಅಲುಗಾಡಿಸಿದರೆ ಗಿಲಕಿಯಂತೆ ಸದ್ದು ಬರುತ್ತದೆ ಎಂದು ತಮಾಷೆ ಮಾಡುವವರಿದ್ದರು. ಸ್ಪರ್ಧೆಯ ಗುರಿಗೆ ಆ ಸಡಿಲ ಒಗ್ಗುತ್ತಿರಲಿಲ್ಲ. ಆದ್ದರಿಂದ ಸ್ಪರ್ಧಾಳುಗಳು ಪರಿಣತರ ಬಳಿ ಹೋಗಿ ಭಾಗಗಳನ್ನು ಬಿಗಿಯಾಗಿ ಹೊಂದಿಸಿಕೊಂಡರು. ನಾರ್ತ್ ಮತ್ತು ಹಾಲ್ ಕಾರ್ಖಾನೆಯಿಂದ ಹೊರಗೆ ಹಾಕಿದ್ದ ಅರ ಮತ್ತೆ ಮೇಜಿನ ಮೇಲೆ ಬಂತು. ಪಿಸ್ತೂಲನ್ನು ತಮಗೆ ಬೇಕಾದಂತೆ ತಿದ್ದಿಸಿಕೊಳ್ಳುವ ರೂಢಿಗೆ ಇದು ಒಂದು ದೊಡ್ಡ ಪ್ರೇರಣೆ.

ಇನ್ನೊಂದು ಪ್ರೇರಣೆ ಇತಿಹಾಸದ ಪ್ರೀತಿ. ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳನ್ನು ಮೆಚ್ಚುವವರ ಸಂಘ ಅಮೆರಿಕದಲ್ಲಿ 1933ರಲ್ಲೇ ಹುಟ್ಟಿತ್ತು. 1961ರಿಂದ 1965ರವರೆಗೆ ಅಲ್ಲಿನ ಅಂತರ್ಯುದ್ಧದ ನೂರನೆಯ ವರ್ಷದ ಆಚರಣೆ ನಡೆದಾಗ ಕೋಲ್ಟ್‌ನ ಹಳೆಯ ರಿವಾಲ್ವರಿನ ಪ್ರತಿಕೃತಿಗಳು ಇಟಲಿಯಿಂದ ಬಂದವು. 1976ರಲ್ಲಿ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಉತ್ಸಾಹದಲ್ಲಿ ಚಕಮಕಿ ಪಿಸ್ತೂಲಿನ ಕಿಟ್ಟುಗಳಿಗೆ ಬೇಡಿಕೆ ಇತ್ತು. ಪೆಟ್ಟಿಗೆಯೊಳಗೆ ಅರ್ಧ ಕೆತ್ತಿದ ಮರದ ಹಿಡಿ, ನಳಿಗೆ, ಹಿತ್ತಾಳೆಯ ಭಾಗಗಳು ಇರುತ್ತಿದ್ದವು. ಮರವನ್ನು ಉಜ್ಜಿ ನುಣುಪು ಮಾಡುವುದು, ಎಣ್ಣೆ ಹಚ್ಚುವುದು, ಹಿತ್ತಾಳೆಗೆ ಮೆರುಗು ಕೊಡುವುದು ಕೊಂಡವನ ಪಾಲಿನ ಕೆಲಸ. ಅಪ್ಪ ಮಗ ಕೂಡಿ ತಿಂಗಳುಗಟ್ಟಲೆ ಕುಳಿತು ಇಂಥದೊಂದನ್ನು ಮುಗಿಸಿ ಗೋಡೆಗೆ ತೂಗುಹಾಕಿದ ಮನೆಗಳು ಆ ದೇಶದಲ್ಲಿ ಬಹಳ ಇವೆ.

ಈ ಸಂತೋಷವನ್ನು ನಾವು ಹಗುರವಾಗಿ ಕಾಣಬಾರದು. ಎಲ್ಲವೂ ಸಿದ್ಧವಾಗಿ ಸಿಗುವ ಕಾಲದಲ್ಲಿ ತನ್ನ ಕೈಯಿಂದ ಒಂದು ವಸ್ತು ರೂಪುಗೊಳ್ಳುವುದನ್ನು ನೋಡುವ ಆಸೆ ಮನುಷ್ಯನಿಗೆ ಇದ್ದೇ ಇರುತ್ತದೆ. ನಮ್ಮಲ್ಲಿ ರೇಡಿಯೋ ಕಿಟ್ಟು ತರಿಸಿ ಬೆಸುಗೆ ಹಾಕಿ ಮೊದಲ ಸಲ ಆಕಾಶವಾಣಿಯ ಧ್ವನಿ ಕೇಳಿದವರಿಗೆ ಆ ಸುಖ ಗೊತ್ತು. ಆದರೆ ರೇಡಿಯೋ ಮತ್ತು ಪಿಸ್ತೂಲಿನ ನಡುವೆ ಒಂದು ವ್ಯತ್ಯಾಸವಿದೆ. ಅದರ ಹೊಣೆ ಯಾರದೆಂಬ ಪ್ರಶ್ನೆ ರೇಡಿಯೋಗೆ ಬರುವುದಿಲ್ಲ.

ಕಾನೂನಿನ ಕಗ್ಗಂಟು

1938ರ ಅಮೆರಿಕದ ಕಾನೂನಿನಲ್ಲಿ ಬಂದೂಕಿನ ಯಾವುದೇ ಭಾಗವೂ ಬಂದೂಕೆಂದೇ ಲೆಕ್ಕವಾಗುತ್ತಿತ್ತು. ಪ್ರತಿಯೊಂದು ಸ್ಪ್ರಿಂಗು, ತಿರುಪುಮೊಳೆಗೂ ದಾಖಲೆ ಇಡುವುದು ನಡೆಯದ ಮಾತೆಂದು ಆಮೇಲೆ ಅನುಭವಕ್ಕೆ ಬಂತು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆ ಅಂಚೆಯಲ್ಲಿ ತರಿಸಿದ ಬಂದೂಕಿನಿಂದ ಆಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಕೊಲೆಯಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಕಾನೂನು ಬಂತು. ಅದರ ಪ್ರಕಾರ ಪೂರ್ಣ ಆಯುಧವಲ್ಲದೆ ಅದರ ಚೌಕಟ್ಟು ಕೂಡ ಆಯುಧವೇ. ಉಳಿದ ಸಾಮಾನ್ಯ ಭಾಗಗಳಿಗೆ ಆ ಕಟ್ಟು ಇಲ್ಲ. ತಯಾರಿಸಿ ಮಾರುವವನು ಪರವಾನಗಿ ಪಡೆಯಬೇಕು, ಸಂಖ್ಯೆ ಒತ್ತಬೇಕು, ಮಾರಾಟದ ದಾಖಲೆ ಇಡಬೇಕು. ತನಗಾಗಿಯೇ ಒಂದನ್ನು ಮಾಡಿಕೊಳ್ಳುವ ಹವ್ಯಾಸಿಗೆ ಆ ಕಾನೂನು ಪರವಾನಗಿ ಕೇಳಲಿಲ್ಲ. 1898ರವರೆಗಿನ ಪುರಾತನ ಆಯುಧಗಳೂ ಬಾಯಿಂದ ಮದ್ದು ತುಂಬುವ ಅವುಗಳ ಪ್ರತಿಕೃತಿಗಳೂ ಹೊರಗೆ ಉಳಿದವು.

ಹೀಗೆ ಪಿಸ್ತೂಲಿನ ಗುರುತೆಲ್ಲ ಚೌಕಟ್ಟು ಎಂಬ ಒಂದು ಭಾಗಕ್ಕೆ ಬಂದು ನಿಂತಿತು. ಆಗ ವ್ಯಾಪಾರದ ಬುದ್ಧಿ ಒಂದು ಪ್ರಶ್ನೆ ಕೇಳಿತು. ಚೌಕಟ್ಟು ಇನ್ನೂ ಪೂರ್ತಿ ಆಗಿಲ್ಲದಿದ್ದರೆ? ಸ್ವಲ್ಪ ಕೆಲಸ ಬಾಕಿ ಇಟ್ಟು ಮಾರಿದರೆ ಅದು ಚೌಕಟ್ಟೋ, ಬರೀ ಪ್ಲಾಸ್ಟಿಕ್ಕಿನ ತುಂಡೋ? ಇಂಥ ಅಪೂರ್ಣ ಚೌಕಟ್ಟುಗಳನ್ನು ಉಳಿದ ಎಲ್ಲ ಭಾಗಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಮಾರುವ ಕಂಪನಿಗಳು ಹುಟ್ಟಿಕೊಂಡವು. ಕೊಳ್ಳುವವನ ಹಿನ್ನೆಲೆಯ ವಿಚಾರಣೆ ಇಲ್ಲ, ಸಂಖ್ಯೆ ಇಲ್ಲ, ದಾಖಲೆ ಇಲ್ಲ. ಅವುಗಳಲ್ಲಿ ಪಾಲಿಮರ್80 ಎಂಬುದು ಹೆಸರಾಯಿತು. ತಿಂಗಳುಗಟ್ಟಲೆ ಮರ ಉಜ್ಜುವ ಹಳೆಯ ಹವ್ಯಾಸ ಇಲ್ಲಿ ಇರಲಿಲ್ಲ. ಅಂಥ ಕಿಟ್ಟನ್ನು ಎಂದೂ ನೋಡಿರದ ಒಬ್ಬರು ಅರ್ಧ ಗಂಟೆಯೊಳಗೆ ಅದನ್ನು ಪಿಸ್ತೂಲಾಗಿಸಿದರು ಎಂಬ ಸಂಗತಿ ನ್ಯಾಯಾಲಯದ ದಾಖಲೆಯಲ್ಲಿದೆ.

ಸಂಖ್ಯೆ ಇಲ್ಲದ ಈ ಆಯುಧಗಳಿಗೆ ಅಲ್ಲಿನ ಜನ ಭೂತ ಬಂದೂಕು ಎಂದು ಹೆಸರಿಟ್ಟರು. ಅಪರಾಧದ ಸ್ಥಳದಲ್ಲಿ ಸಿಕ್ಕ ಪಿಸ್ತೂಲನ್ನು ಎತ್ತಿ ನೋಡಿದರೆ ಅದು ಎಲ್ಲಿಂದ ಬಂತೆಂದು ಹೇಳುವ ಗುರುತೇ ಇಲ್ಲ. 2017ರಲ್ಲಿ ಮೂಲ ಪತ್ತೆಗೆಂದು ಪೊಲೀಸರು ಕೇಂದ್ರಕ್ಕೆ ಕಳುಹಿಸಿದ ಇಂಥ ಆಯುಧಗಳು ಸುಮಾರು 1,600. 2021ರಲ್ಲಿ ಅವು 19,000 ದಾಟಿದವು. ಹವ್ಯಾಸಿಗಳ ಪೈಕಿ ಬಹುಮಂದಿ ಪ್ರಾಮಾಣಿಕರೇ. ಆದರೆ ಅವರಿಗೆ ತೆರೆದಿದ್ದ ಬಾಗಿಲು, ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು ಅರ್ಹನಲ್ಲದವನಿಗೂ ತೆರೆದೇ ಇತ್ತು.

2022ರಲ್ಲಿ ಸರ್ಕಾರ ಹೊಸ ನಿಯಮ ತಂದಿತು. ಸುಲಭವಾಗಿ ಆಯುಧವಾಗಬಲ್ಲ ಕಿಟ್ಟು ಆಯುಧವೇ. ಮಾರುವವರು ಸಂಖ್ಯೆ ಒತ್ತಬೇಕು, ಕೊಳ್ಳುವವರ ವಿಚಾರಣೆ ನಡೆಸಬೇಕು. ಇದನ್ನು ಪ್ರಶ್ನಿಸಿದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಷ್ಟರಲ್ಲಿ, 2024ರಲ್ಲಿ, ಪಾಲಿಮರ್80 ತನ್ನ ಬಾಗಿಲು ಮುಚ್ಚಿತ್ತು. 2025ರ ಮಾರ್ಚ್ 26ರಂದು ನ್ಯಾಯಾಲಯ ಏಳು ಮತ್ತು ಎರಡರ ಬಹುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗೋರ್ಸಚ್. ನಾವು ಮಾಡುವ ವಸ್ತುಗಳಿಗೆ ಅವು ಪೂರ್ತಿ ಆಗುವ ಮುಂಚೆಯೇ ಹೆಸರು ಹೇಳುವುದು ಮಾತಿನ ರೂಢಿ, ಜೋಡಿಸದ ಮೇಜನ್ನೂ ಅಂಗಡಿಯಲ್ಲಿ ನಾವು ಮೇಜೆಂದೇ ಕರೆಯುತ್ತೇವೆ ಎಂಬುದು ಅವರ ವಾದದ ಒಂದು ಎಳೆ. ಎಲ್ಲ ಕಿಟ್ಟುಗಳೂ ಆಯುಧ ಎಂದು ಅವರು ಹೇಳಲಿಲ್ಲ. ಕೆಲವಂತೂ ನಿಸ್ಸಂಶಯವಾಗಿ ಆಯುಧ ಎಂದರು.

ನಮ್ಮ ದೇಶದಲ್ಲಿ

ಈ ಪ್ರಶ್ನೆಗೆ ನಮ್ಮ ಕಾನೂನಿನ ಉತ್ತರ ಬೇರೆ. 1959ರ ಆಯುಧ ಅಧಿನಿಯಮದ ವ್ಯಾಖ್ಯೆಯಲ್ಲಿ ಬಂದೂಕಿನ ಭಾಗಗಳೂ, ಬಂದೂಕು ತಯಾರಿಸುವ ಯಂತ್ರಗಳೂ ಸೇರಿವೆ. ಪೆಟ್ಟಿಗೆಯಲ್ಲಿರುವ ಚೂರುಗಳು ಯಾವ ಗಳಿಗೆಯಲ್ಲಿ ಪಿಸ್ತೂಲಾಗುತ್ತವೆ ಎಂಬ ಚರ್ಚೆಗೆ ಇಲ್ಲಿ ಎಡೆ ಕಡಿಮೆ. ಪರವಾನಗಿ ಇಲ್ಲದೆ ಆಯುಧ ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆ ಇದೆ. ಆದುದರಿಂದ ಅಮೆರಿಕದ ಕಿಟ್ ಹವ್ಯಾಸವನ್ನು ಇಲ್ಲಿ ಯಾರೂ ಅನುಕರಿಸುವಂತಿಲ್ಲ. ಅದೇ ಅಧಿನಿಯಮದ 8ನೆಯ ಪ್ರಕರಣ ಆಯುಧದ ಮೇಲಿನ ಹೆಸರು, ಸಂಖ್ಯೆ, ಗುರುತನ್ನು ಅಳಿಸುವುದನ್ನು, ತಿದ್ದುವುದನ್ನು ನಿಷೇಧಿಸುತ್ತದೆ.

ನಮ್ಮ ಕಾನೂನಿಗೂ ಒಂದು ಹಿನ್ನೆಲೆಯಿದೆ. 1857ರ ತರುವಾಯ ಬ್ರಿಟಿಷರು ಭಾರತೀಯರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. 1878ರ ಕಾನೂನು ಅದನ್ನು ಗಟ್ಟಿ ಮಾಡಿತು. ಕೊಡಗಿನವರಿಗೆ ಮಾತ್ರ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ಗಂಧವಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವುದನ್ನು ನೀವು ನೋಡಿರಬಹುದು. ಆ ಕೋವಿ ಯಾವ ಮನೆಯದೆಂದು ಊರಿಗೇ ಗೊತ್ತಿರುತ್ತದೆ. ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ. ಮನೆಯಲ್ಲಿ ತಯಾರಿಸುವುದಕ್ಕೆ ಅಲ್ಲಿಯೂ ಅವಕಾಶವಿಲ್ಲ.

ಹಾಗೆಂದು ಸಂಖ್ಯೆಯಿಲ್ಲದ ಆಯುಧ ನಮಗೆ ಹೊಸದೇನೂ ಅಲ್ಲ. ಪತ್ರಿಕೆಗಳಲ್ಲಿ ನಾಡಪಿಸ್ತೂಲು ವಶ ಎಂಬ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಬಿಹಾರದ ಮುಂಗೇರಿನಲ್ಲಿ ನವಾಬ ಮೀರ್ ಕಾಸಿಮ್ 1760ರ ದಶಕದಲ್ಲಿ ಬಂದೂಕಿನ ಕಾರ್ಖಾನೆ ಹೂಡಿದ. ಆ ಊರಿನಲ್ಲಿ ಪರವಾನಗಿ ಪಡೆದ ಕಸುಬಿನವರು ಗುರುತು ಒತ್ತಿ ಬಂದೂಕು ಮಾಡುತ್ತ ಬಂದಿದ್ದಾರೆ. ಅದೇ ಊರಿನ ಸುತ್ತಮುತ್ತ ಕಳ್ಳ ಕುಲುಮೆಗಳ ಮೇಲೆ ದಾಳಿಗಳೂ ನಡೆಯುತ್ತ ಬಂದಿವೆ. ಅಮೆರಿಕದ ಭೂತ ಬಂದೂಕು ಯಂತ್ರದ ಕೊನೆಯ ಹಂತದಿಂದ ಬಂದರೆ, ನಮ್ಮ ನಾಡಪಿಸ್ತೂಲು ಅರದ ಕಾಲದಿಂದ ಬಂದದ್ದು. ಎರಡನ್ನೂ ಹಿಡಿದು ಕೇಳಿದರೆ ನಿನ್ನನ್ನು ಮಾಡಿದವರು ಯಾರು, ಕೊಂಡವರು ಯಾರು ಎಂಬುದಕ್ಕೆ ಉತ್ತರವಿಲ್ಲ.

ಭಾಗಗಳು ಯಾರ ಕೈಯಿಂದ ಬಂದವೆಂದು ತಿಳಿಯಬೇಕಾಗಿಲ್ಲದ ವ್ಯವಸ್ಥೆಯನ್ನು ಕಟ್ಟಲು ಬ್ಲಾಂ, ನಾರ್ತ್, ಹಾಲ್ ಮುಂತಾದವರು ಬಹಳ ಶ್ರಮಪಟ್ಟರು. ಅದರ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಆದರೆ ಭಾಗಕ್ಕೆ ಗುರುತು ಬೇಡವಾದಷ್ಟೂ ಇಡೀ ಆಯುಧಕ್ಕೆ ಗುರುತು ಹೆಚ್ಚು ಅಗತ್ಯವಾಯಿತು. ಜೋಡಿಸುವ ಸಂತೋಷ ಹವ್ಯಾಸಿಯದು. ಜೋಡಿಸಿದ್ದರಿಂದ ಆಗುವುದಕ್ಕೆ ಯಾರು ಹೊಣೆ ಎಂದು ಕೇಳುವ ಹಕ್ಕು ಅಕ್ಕಪಕ್ಕದ ಮನೆಯವರದು.

ಇನ್ನು ಮುಂದೆ ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಪಿಸ್ತೂಲು ಕಂಡರೆ ಅದರ ಹಿಡಿಯ ಕುಸುರಿಯನ್ನು ನೋಡಿ ಮುಂದೆ ಹೋಗಬೇಡಿ. ಒಂದು ಕ್ಷಣ ಬಗ್ಗಿ, ಲೋಹದ ಮೇಲೆ ಎಲ್ಲಾದರೂ ಒಂದು ಹೆಸರು, ಒಂದು ವರ್ಷ, ನಾಲ್ಕು ಅಂಕಿ ಇವೆಯೇ ನೋಡಿ. ಮಕ್ಕಳು ಜೊತೆಗಿದ್ದರೆ ಅವರಿಗೂ ತೋರಿಸಿ, ಅದು ಅಲ್ಲಿ ಏಕಿದೆಯೆಂದು ಹೇಳಿ.